ಹಿಚ್‌ಕಾಕ್ ಒಂದೇ ಸಿನಿಮಾನ ಎರಡು ಸಲ ಯಾಕೆ ಮಾಡಿದರು? | ಲಂಡನ್ ವ್ಲಾಗ್

ಸೌತ್ ಕೆನ್ಸಿಂಗ್ಟನ್ ಸ್ಟೇಷನ್ ಬಿಟ್ಟು ಎಕ್ಸಿಬಿಷನ್ ರೋಡಿನಲ್ಲಿ ನಡೆಯುತ್ತಿದ್ದೇವೆ. ಗಾಳಿ ಜಾಸ್ತಿ ಇತ್ತು, ಮೈಕಿನಲ್ಲಿ ಬರೀ ಬುಸ್ ಅನ್ನೋ ಸದ್ದು. ಅದಕ್ಕೇ ಆ ಸೌಂಡ್ ತೆಗೆದು ಮನೆಯಲ್ಲಿ ಕೂತು ಮಾತು ಸೇರಿಸುತ್ತಿದ್ದೇನೆ. ಕ್ಯಾಮೆರಾ ಹಿಡಿದಿರುವುದು ನನ್ನ ಅಕ್ಕ.

ಎದುರಿಗೆ ದುಂಡಗೆ, ಕೆಂಪು ಇಟ್ಟಿಗೆಯದ್ದು ಕಾಣುತ್ತಿದೆಯಲ್ಲ, ಇದೇ ರಾಯಲ್ ಆಲ್ಬರ್ಟ್ ಹಾಲ್, ಸಂಗೀತ ಕಛೇರಿಗಳು ನಡೆಯುವ ಸಭಾಂಗಣ. 1871ರಲ್ಲಿ ಶುರುವಾದದ್ದು. ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಇಲ್ಲಿಗೆ ಬರಬೇಕು ಅಂತ ನನಗೆ ತುಂಬಾ ಆಸೆ ಇತ್ತು, ಕಾರಣ ಒಂದೇ. ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ಒಂದೇ ಸಿನಿಮಾನ ಎರಡು ಸಲ ಮಾಡಿದರು. ‘ದ ಮ್ಯಾನ್ ಹೂ ನ್ಯೂ ಟೂ ಮಚ್’. ಮೊದಲು 1934ರಲ್ಲಿ ಬ್ರಿಟನ್ನಿನಲ್ಲಿ, ಕಪ್ಪುಬಿಳುಪಿನಲ್ಲಿ, 75 ನಿಮಿಷದ್ದು. ಆಮೇಲೆ 1956ರಲ್ಲಿ ಹಾಲಿವುಡ್‌ನಲ್ಲಿ, ಕಲರ್‌ನಲ್ಲಿ, ಎರಡು ಗಂಟೆಯದ್ದು. ಎರಡರಲ್ಲೂ ಉಸಿರು ಬಿಗಿ ಹಿಡಿಯುವ ಸೀನ್ ನಡೆಯುವುದು ಈ ಹಾಲ್ ಒಳಗೆ.

ಕಥೆ ಪೂರ್ತಿ ಹೇಳಿಬಿಡುತ್ತೇನೆ. ನೋಡಿಲ್ಲದವರು ಬೇಕಿದ್ದರೆ ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಗಂಡ, ಹೆಂಡತಿ, ಒಂದು ಮಗು ರಜೆಗೆ ಹೋಗಿರುತ್ತಾರೆ. ಅಲ್ಲಿ ಪರಿಚಯವಾದ ಒಬ್ಬ ಸಾಯುವಾಗ ಲಂಡನ್‌ನಲ್ಲಿ ನಡೆಯಲಿರುವ ಕೊಲೆಯ ಗುಟ್ಟು ಇವರಿಗೆ ದಾಟಿಸುತ್ತಾನೆ. ಬಾಯಿ ಬಿಡದಿರಲಿ ಅಂತ ಕೊಲೆಗಡುಕರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಪೊಲೀಸರಿಗೆ ಹೇಳಿದರೆ ಮಗು ಹೋಯಿತು, ಹೇಳದಿದ್ದರೆ ಇನ್ನೊಬ್ಬರ ಜೀವ ಹೋಯಿತು. ಆ ಕೊಲೆ ನಡೆಯಬೇಕಿರುವುದು ಇದೇ ಹಾಲ್‌ನಲ್ಲಿ, ಸಂಗೀತ ಕಛೇರಿಯ ನಡುವೆ; ತಾಯಿ ಕಿರುಚಿ ಗುರಿ ತಪ್ಪಿಸುತ್ತಾಳೆ. ಎರಡೂ ಸಿನಿಮಾ ನಿಂತಿರುವುದು ಇಷ್ಟರ ಮೇಲೆ.

ಮೊದಲ ಸಿನಿಮಾದಲ್ಲಿ ರಜೆ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ. ಆ ಡ್ಯಾನ್ಸ್ ಸೀನ್ ನೆನಪಿದೆಯಾ? ಹೆಂಡತಿ ಆ ಪರಿಚಯದವನ ಜೊತೆ ಕುಣಿಯುತ್ತಿರುತ್ತಾಳೆ. ಗಂಡ ತಮಾಷೆಗೆ ಅವಳು ಹೆಣೆಯುತ್ತಿದ್ದ ಉಣ್ಣೆಯ ಎಳೆಯನ್ನು ಅವನ ಕೋಟಿಗೆ ಸಿಕ್ಕಿಸುತ್ತಾನೆ. ಅವನು ತಿರುಗಿದಂತೆ ಹೆಣಿಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಕುಣಿಯುವವರ ಕಾಲಿಗೆಲ್ಲ ದಾರ ಸುತ್ತಿಕೊಳ್ಳುತ್ತದೆ, ಎಲ್ಲರೂ ನಗುತ್ತಾರೆ. ಆಗ ಕಿಟಕಿಯ ಗಾಜಿನಲ್ಲಿ ಒಂದು ತೂತು. ಅವನು ತನ್ನ ಎದೆ ನೋಡಿಕೊಳ್ಳುತ್ತಾನೆ. ನಗು ಮುಗಿಯುವ ಮೊದಲೇ ಸಾವು ಬಂದಿರುತ್ತದೆ. ರೀಮೇಕ್‌ನಲ್ಲಿ ಈ ಸೀನ್ ಇಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆಯುರಿ.

ಹೊಟ್ಟೆಯುರಿ ಅಂದಾಗ ಇದನ್ನೂ ಹೇಳಲೇಬೇಕು. ಈ ವಿಡಿಯೋಗೋಸ್ಕರ 1934ರ ಸಿನಿಮಾದ ಡಿವಿಡಿ ಆನ್‌ಲೈನ್‌ನಲ್ಲಿ ತರಿಸಿದೆ. ಅಂಗಡಿ ಹೆಸರು ಬೇಡ. ಹದಿನಾಲ್ಕು ಪೌಂಡ್! ಕವರ್ ಮೇಲೆ ದಪ್ಪ ಅಕ್ಷರದಲ್ಲಿ ‘ರಿಸ್ಟೋರ್ಡ್’ ಅಂತ ಇತ್ತು, ಅಂದರೆ ಹಳೇ ಪ್ರತಿ ಸರಿಪಡಿಸಿದ್ದು ಅಂತ. ಹಾಕಿ ನೋಡಿದರೆ ಅರ್ಧ ಜನರ ತಲೆಯೇ ಫ್ರೇಮಿನಲ್ಲಿ ಇಲ್ಲ, ಮೇಲಿನಿಂದ ಕತ್ತರಿಸಿದ್ದಾರೆ. ಮಾತಿಗಿಂತ ಕರಕರ ಸದ್ದೇ ಜೋರು. ಇರಲಿ ಅಂತ ಸಹಿಸಿಕೊಂಡೆವು. ಆಲ್ಬರ್ಟ್ ಹಾಲ್ ಸೀನ್ ಬಂತು. ತಾಯಿಯ ಪಾತ್ರದ ಎಡ್ನಾ ಬೆಸ್ಟ್ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಳೆ, ಸಂಗೀತ ಏರುತ್ತಾ ಇದೆ, ಚಿತ್ರ ಅಲ್ಲೇ ನಿಂತುಹೋಯಿತು. ಮುಂದೆ ಹಾರಿದ್ದು ಎಲ್ಲಿಗೆ ಗೊತ್ತಾ? ಅವಳು ಕಿರುಚಿ ಆದಮೇಲೆ! ಆ ಕಿರುಚಾಟಕ್ಕೋಸ್ಕರ ಇಡೀ ಸಿನಿಮಾ ಕಟ್ಟಿದ್ದಾರೆ ಕಣ್ರೀ, ಅದೇ ಇಲ್ಲ. ಒರೆಸಿದೆ, ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಹಾಕಿದೆ, ಅಲ್ಲೂ ಹಾಗೇ. ದೂರು ಬರೆದರೆ, ಹಳೇ ಸಿನಿಮಾ ಅಂದರೆ ಹಾಗೇ ಇರುತ್ತದೆ ಅಂತ ಉತ್ತರ. ಈ ಮಾತಿಗೇ ನನಗೆ ಸಿಟ್ಟು ಬಂದದ್ದು, ದುಡ್ಡಿಗಲ್ಲ. ಹಳೇ ಸಿನಿಮಾ ಹಾಗಿರುವುದಿಲ್ಲ. ಹಳೇ ಸಿನಿಮಾಗಳನ್ನು ಚೆನ್ನಾಗಿ ಹೊರತರುವ ಕ್ರೈಟೀರಿಯನ್ ಕಂಪನಿಯವರು 2013ರಲ್ಲಿ ಇದೇ ಸಿನಿಮಾನ ಬ್ಲೂ-ರೇಯಲ್ಲಿ ತಂದರು, ಆಮೇಲೆ ನಾನು ನೋಡಿದ್ದು ಅದನ್ನೇ. ಎಷ್ಟು ಸ್ವಚ್ಛವಾಗಿದೆ ಅಂದರೆ ವಿಲನ್ ಹಣೆಯ ಗಾಯದ ಗುರುತು ಕೂಡ ಕಾಣುತ್ತದೆ. ಕೆಟ್ಟ ಕಾಪಿ ನೋಡಿ ಎಷ್ಟು ಜನ ಈ ಸಿನಿಮಾ ಚೆನ್ನಾಗಿಲ್ಲ ಅಂದುಕೊಂಡರೋ ಏನೋ. ಇನ್ನೊಂದು ಕಡೆ, 1956ರದ್ದು ವರ್ಷಗಟ್ಟಲೆ ಯಾರಿಗೂ ನೋಡಲು ಸಿಗುತ್ತಲೇ ಇರಲಿಲ್ಲ. ‘ವರ್ಟಿಗೊ’, ‘ರಿಯರ್ ವಿಂಡೋ’ ಥರದ ಅವರದೇ ಬೇರೆ ಸಿನಿಮಾಗಳ ಜೊತೆ ಇದರ ಹಕ್ಕೂ ಹಿಚ್‌ಕಾಕ್ ಕೈಯಲ್ಲಿತ್ತು. ಅವರು ತೀರಿಕೊಂಡಮೇಲೆ, 1980ರ ದಶಕದಲ್ಲಿ, ಮತ್ತೆ ಥಿಯೇಟರಿಗೆ ಬಂತು.

ಸರಿ, ಅಕ್ಕ ಹಾಲ್ ಸುತ್ತ ಒಂದು ರೌಂಡ್ ತೋರಿಸುತ್ತಿದ್ದಾಳೆ, ನಾನು ವಿಷಯಕ್ಕೆ ಬರುತ್ತೇನೆ.

ವಿಲನ್ ಅಂದೆನಲ್ಲ, ಅದು ಪೀಟರ್ ಲೋರೆ. ಹಿಟ್ಲರ್ ಬಂದಮೇಲೆ ಜರ್ಮನಿ ಬಿಟ್ಟು ಬಂದ ನಟ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಡೈಲಾಗನ್ನು ಬರೀ ಸದ್ದಿನ ಮೇಲೆ ಬಾಯಿಪಾಠ ಮಾಡಿಕೊಂಡು ಹೇಳಿದ. ಆ ನಗು, ಆ ಮೆತ್ತನೆ ದನಿ! ರೀಮೇಕ್‌ನಲ್ಲಿ ಇಂಥ ವಿಲನ್ ಇಲ್ಲವೇ ಇಲ್ಲ.

ಒಳಗೆ ಬಂದೆವು. ಮೇಲೆ ಅಣಬೆ ಥರ ತೂಗುತ್ತಿರುವುದು ನೋಡಿ. ಇಲ್ಲಿ ಪ್ರತಿಧ್ವನಿ ವಿಪರೀತ ಇತ್ತಂತೆ, ಅದನ್ನು ತಗ್ಗಿಸಲು 1969ರಲ್ಲಿ ಫೈಬರ್‌ಗ್ಲಾಸಿನ ಈ ತಟ್ಟೆಗಳನ್ನು ತೂಗುಹಾಕಿದರು. ಎರಡು ಸಿನಿಮಾದಲ್ಲೂ ಇವು ಇಲ್ಲ. ಇನ್ನೊಂದು ವಿಷಯ. 1934ರಲ್ಲಿ ಇಷ್ಟು ದೊಡ್ಡ ಹಾಲ್ ತುಂಬಾ ಜನ ಕೂರಿಸುವಷ್ಟು ದುಡ್ಡಿರಲಿಲ್ಲ. ಮತಾನಿಯಾ ಅನ್ನೋ ಇಟಲಿಯ ಕಲಾವಿದರ ಕೈಲಿ ಪ್ರೇಕ್ಷಕರ ಚಿತ್ರ ಬರೆಸಿದರು. ಕ್ಯಾಮೆರಾ ಮುಂದೆ ಕನ್ನಡಿ ಇಟ್ಟು ಆ ಚಿತ್ರ ಅದರಲ್ಲಿ ಕಾಣುವ ಹಾಗೆ ಮಾಡಿದರು. ನಿಜವಾದ ಮನುಷ್ಯರು ಬೇಕಾದ ಕಡೆ ಮಾತ್ರ ಕನ್ನಡಿಯ ಲೇಪ ಕೆರೆದು ತೆಗೆದರು. ಅಲ್ಲಿ ಇಲ್ಲಿ ನಾಲ್ಕು ಜನ ಅಲುಗಾಡಿದರೆ ಸಾಕು, ಕಣ್ಣು ಉಳಿದವರನ್ನೂ ನಂಬಿಬಿಡುತ್ತದೆ. ಎರಡನೇ ಸಲ ಇಲ್ಲೇ ಬಂದು ಶೂಟ್ ಮಾಡಿದರು.

ಸಂಗೀತ ಮಾತ್ರ ಎರಡಕ್ಕೂ ಒಂದೇ, ಆರ್ಥರ್ ಬೆಂಜಮಿನ್ ಬರೆದ ‘ಸ್ಟಾರ್ಮ್ ಕ್ಲೌಡ್ಸ್ ಕಂಟಾಟಾ’, ಆರ್ಕೆಸ್ಟ್ರಾ ಜೊತೆ ಹಾಡುವ ರಚನೆ. 1956ರಲ್ಲಿ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್‌ಗೆ ಹೊಸದು ಬರೆಯುವ ಅವಕಾಶ ಇತ್ತು. ಅವರು ಇದೇ ಇರಲಿ ಅಂದರು, ಸ್ವಲ್ಪ ಹಿಗ್ಗಿಸಿದರು, ತೆರೆಯ ಮೇಲೆ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸುವವರೂ ಅವರೇ. ಸಿಂಬಲ್, ಅಂದರೆ ದೊಡ್ಡ ತಾಳ, ಹೊಡೆಯುವ ಘಳಿಗೆಗೆ ಸರಿಯಾಗಿ ಗುಂಡು ಹಾರಬೇಕು, ಆ ಸದ್ದಿನಲ್ಲಿ ಇದು ಮುಚ್ಚಿಹೋಗಬೇಕು. ಸುಮಾರು ಹನ್ನೆರಡು ನಿಮಿಷ ಒಂದೇ ಒಂದು ಮಾತು ಕೇಳಿಸುವುದಿಲ್ಲ. ಪರದೆ ಸಂದಿಯಿಂದ ಪಿಸ್ತೂಲಿನ ಮೂತಿ, ಸಿಂಬಲ್ ಕೈಗೆತ್ತಿಕೊಳ್ಳುವವನು, ಬಾಗಿಲ ಹತ್ತಿರ ತಾಯಿಯ ಪಾತ್ರದ ಡೋರಿಸ್ ಡೇ. ಗಂಡನ ಪಾತ್ರದ ಜೇಮ್ಸ್ ಸ್ಟುವರ್ಟ್‌ಗೆ ಅಲ್ಲಿ ಉದ್ದುದ್ದ ಮಾತು ಇತ್ತಂತೆ. ನಿನ್ನ ಮಾತಿನಲ್ಲಿ ನನಗೆ ಆರ್ಕೆಸ್ಟ್ರಾ ಕೇಳಿಸುತ್ತಿಲ್ಲ ಅಂತ ಹಿಚ್‌ಕಾಕ್ ಅದನ್ನೆಲ್ಲ ತೆಗೆಸಿದರಂತೆ.

ಈ ಒಂದು ಸೀನ್ ಮಟ್ಟಿಗೆ ರೀಮೇಕೇ ಮೇಲು. ವಾದ ಬೇಡ.

ಆದರೆ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋಗೆ ಹಿಚ್‌ಕಾಕ್ ಹೇಳಿದ ಮಾತು ಒಪ್ಪಲಾರೆ. ಮೊದಲನೆಯದು ಪ್ರತಿಭೆಯಿದ್ದ ಹವ್ಯಾಸಿಯ ಕೆಲಸ, ಎರಡನೆಯದು ವೃತ್ತಿಪರನದ್ದು ಅಂದರಂತೆ. ಉಣ್ಣೆ ದಾರದ ಆ ಸೀನ್ ಹವ್ಯಾಸಿಯದಾ? ಮೊದಲನೆಯದರ ಕೊನೆ ನೋಡಿ. ತಾಯಿ ಗುರಿಕಾರ್ತಿ. ಮಗಳು ಮಾಡಿನ ಮೇಲೆ, ಹಿಂದೆ ಕೊಲೆಗಡುಕ. ಗುಂಡು ಹೊಡೆಯಲು ಪೊಲೀಸಿನವನ ಕೈ ಬರುವುದಿಲ್ಲ. ಇವಳು ರೈಫಲ್ ಕಿತ್ತುಕೊಂಡು ಒಂದೇ ಏಟಿಗೆ ಬೀಳಿಸುತ್ತಾಳೆ. 1934ರಲ್ಲಿ! ರೀಮೇಕ್‌ನ ತಾಯಿ ಕೈಯಲ್ಲಿ ಬಂದೂಕು ಇಲ್ಲ. ಅವಳು ಹಾಡುಗಾರ್ತಿ, ಗಂಡ ಡಾಕ್ಟರ್ ಅಂತ ಸ್ಟೇಜ್ ಬಿಟ್ಟು ಮನೆಯಲ್ಲಿದ್ದಾಳೆ. ಮಗ ಕಳೆದುಹೋದ ಸುದ್ದಿ ಹೇಳುವ ಮೊದಲು ಗಂಡ ಅವಳಿಗೆ ನಿದ್ದೆ ಮಾತ್ರೆ ನುಂಗಿಸುತ್ತಾನೆ. ಅವಳು ಅಳುತ್ತಾ, ಬೈಯುತ್ತಾ, ತೂಕಡಿಸುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ಇಲ್ಲಿ ಅಕ್ಕ ಬಾಯಿ ಹಾಕಿದಳು, ಅದನ್ನು ಹಾಗೇ ಬಿಟ್ಟಿದ್ದೇನೆ. “ನಿಂಗೆ ಉರಿಯತ್ತೆ ಅಲ್ವಾ? ಹಾಗಾದ್ರೆ ಆ ಸೀನ್ ಕೆಲಸ ಮಾಡಿದೆ ಅಂತ ತಾನೇ ಕಣೇ! ಮೊದಲ್ನೇದ್ರಲ್ಲಿ ಗಂಡ ಹೆಂಡ್ತಿ ಮಧ್ಯೆ ಇಂಥದ್ದು ಒಂದಾದ್ರೂ ಇದ್ಯಾ?”

ಇಲ್ಲ. ಅಕ್ಕ ಹೇಳಿದ್ದು ಸರಿ. ಮೊದಲನೆಯದರಲ್ಲಿ ಮಗಳನ್ನು ಬಿಡಿಸಿಕೊಳ್ಳುವುದೇ ಕಥೆ. ಎರಡನೆಯದರಲ್ಲಿ ಅದರ ಜೊತೆಗೆ ಒಂದು ಸಂಸಾರದ ಕಥೆಯೂ ಇದೆ, ಯಾರ ಮಾತು ನಡೆಯುತ್ತದೆ, ಯಾರು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು. ಕೊನೆಗೆ ಮಗನನ್ನು ಒಂದು ಎಂಬಸಿಯಲ್ಲಿ, ಎಲ್ಲೋ ಮೇಲಿನ ಕೋಣೆಯಲ್ಲಿ ಬಚ್ಚಿಟ್ಟಿರುತ್ತಾರೆ. ಇವಳು ಕೆಳಗೆ ಪಿಯಾನೋ ಮುಂದೆ ಕೂತು ‘ಕೆ ಸೆರಾ ಸೆರಾ’ ಹಾಡುತ್ತಾಳೆ, ಅತಿಥಿಗಳು ಮುಖ ಮುಖ ನೋಡಿಕೊಳ್ಳುವಷ್ಟು ಜೋರಾಗಿ. ಮೇಲಿನಿಂದ ಶಿಳ್ಳೆ ಕೇಳಿಸುತ್ತದೆ. ಗಂಡನಿಗೋಸ್ಕರ ಸ್ಟೇಜಿನಲ್ಲಿ ಹಾಡುವುದು ಬಿಟ್ಟಿದ್ದಳಲ್ಲ, ಆ ದನಿಯಿಂದಲೇ ಮಗನನ್ನು ಹುಡುಕುತ್ತಾಳೆ. ಇದನ್ನು ಮಕ್ಕಳ ಹಾಡು ಅಂತ ಡೋರಿಸ್ ಡೇ ಮೊದಲು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವಂತೆ. ಆಸ್ಕರ್ ಬಂತು, ಅವರ ಗುರುತಿನ ಹಾಡೇ ಆಯಿತು. ಮರುವರ್ಷ 1957ರ ‘ಆರವಲ್ಲಿ’ಯಲ್ಲಿ ಇದೇ ಧಾಟಿ ತಮಿಳಿಗೂ ಬಂತು.

ಹಾಗಂತ ರೀಮೇಕ್ ಪೂರ್ತಿ ಇಷ್ಟ ಅಂತಲ್ಲ. ಇದರಲ್ಲಿ ರಜೆ ಮೊರಾಕೊದ ಮರಾಕೇಶ್‌ನಲ್ಲಿ; ಅಲ್ಲಿನ ಹೋಟೆಲಿನ ಊಟದ ಸೀನ್ ಎಳೆದು ಎಳೆದು ಸಾಕಾಗುತ್ತದೆ. ಮಾರ್ಕೆಟ್ಟಿನ ಸಾವು ಮಾತ್ರ ಅದ್ಭುತ. ಅರಬ್ ವೇಷದಲ್ಲಿ ಚೂರಿ ತಿಂದವನ ಮುಖ ಸ್ಟುವರ್ಟ್ ಕೈಯಿಂದ ಜಾರುತ್ತದೆ, ಮುಖಕ್ಕೆ ಬಳಿದುಕೊಂಡಿದ್ದ ಕಂದು ಬಣ್ಣ ಒರೆಸಿಹೋಗಿ ಬಿಳಿ ಪಟ್ಟೆ ಮೂಡುತ್ತದೆ. ಬಣ್ಣ ಬೇಕಾದ ಹಾಗೆ ಬಿಡಲಿಲ್ಲ ಅಂತ ಸ್ಟುವರ್ಟ್ ಬೆರಳಿಗೇ ಬಿಳಿ ಮೇಕಪ್ ಹಚ್ಚಿದ್ದರಂತೆ.

ಹೊರಗೆ ಬಂದೆವು. ಹಿಂದಿನ ಮೆಟ್ಟಿಲಿಳಿದರೆ ಎದುರಿಗೇ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್. ಆರ್ಥರ್ ಬೆಂಜಮಿನ್ ಪಿಯಾನೋ ಕಲಿಸುತ್ತಿದ್ದದ್ದು ಇಲ್ಲೇ, ಮುಂದೆ ದೊಡ್ಡ ಸಂಗೀತಗಾರರಾದ ಬೆಂಜಮಿನ್ ಬ್ರಿಟನ್ ಕಲಿತದ್ದು ಇವರ ಹತ್ತಿರ. ಕೊಲೆಗೆ ಸಂಗೀತ ಬರೆದವರು ಪಾಠ ಮಾಡುತ್ತಿದ್ದ ಜಾಗ, ಕೊಲೆ ನಡೆಯಬೇಕಿದ್ದ ಜಾಗ, ಎರಡೂ ಎದುರುಬದುರು! ಇದು ಗೊತ್ತಾದಾಗಿನಿಂದ ನನಗೆ ಎಷ್ಟು ಖುಷಿ ಅಂದರೆ... ಅಕ್ಕ ಬ್ಯಾಟರಿ ಕೆಂಪಾಯಿತು ಅನ್ನುತ್ತಿದ್ದಾಳೆ. ಬೇಗ ಹೇಳಿಬಿಡುತ್ತೇನೆ. ಮೊದಲು 1934ರದ್ದು ನೋಡಿ, ಒಳ್ಳೆ ಕಾಪಿಯಲ್ಲೇ ನೋಡಿ. ಒಂದು ವಾರ ಬಿಟ್ಟು 1956ರದ್ದು. ಮಾತ್ರೆ ಸೀನ್ ಬಗ್ಗೆ ನನ್ನ ಕಡೆಯೋ ಅಕ್ಕನ ಕಡೆಯೋ, ಕೆಳಗೆ ಬರೆಯಿರಿ.