ಮನೆ ನಂಬರ್ ಹಾಕಿದರೆ ಮಾರ್ಚ್ ಯಾಕೆ ಬರುತ್ತದೆ? ಎಕ್ಸೆಲ್ ದಿನ ಎಣಿಸುವ ಕಥೆ

[ಪರದೆ: ಖಾಲಿ ಶೀಟ್. ಎ2 ಸೆಲ್‌ನಲ್ಲಿ 12/3 ಎಂದು ಟೈಪ್ ಮಾಡಿ ಎಂಟರ್ ಒತ್ತುವುದು. ಅದು 12-ಮಾರ್ಚ್ ಆಗುತ್ತದೆ.]

ನೋಡಿದ್ರಾ? ನಾನು ಹಾಕಿದ್ದು ಮನೆ ನಂಬರ್. ಬಂದಿದ್ದು ಮಾರ್ಚ್ ಹನ್ನೆರಡು.

ನಮಸ್ಕಾರ. ರಾಜಾಜಿನಗರದಲ್ಲಿರುವ ನನ್ನ ಚಿಕ್ಕಮ್ಮ ಅವರ ಬೀದಿಯ ನಿವಾಸಿಗಳ ಸಂಘಕ್ಕೆ ಖಜಾಂಚಿ. ಯಾವ ಮನೆಯಿಂದ ಎಷ್ಟು ಬಂತು, ವಾಚ್‌ಮನ್‌ಗೆ ಎಷ್ಟು ಕೊಟ್ಟಾಯಿತು, ಎಲ್ಲಾ ಒಂದೇ ಫೈಲ್‌ನಲ್ಲಿ ಬರೆದಿಡುತ್ತಾರೆ. 2025ರಲ್ಲಿ ಆ ಪಟ್ಟಿ ಶುರು ಮಾಡಿದ ದಿನವೇ ನನಗೆ ಫೋನ್ ಬಂತು. "ಯಾರೋ ನನ್ನ ಫೈಲ್ ಮುಟ್ಟಿದ್ದಾರೆ ಕಣೇ, ಅರ್ಧ ಮನೆ ನಂಬರ್ ತಾರೀಕಾಗಿ ಕೂತಿವೆ" ಅಂದರು.

ಯಾರೂ ಮುಟ್ಟಿರಲಿಲ್ಲ. 12/3, 7/1, 9/4 ಇವೆಲ್ಲ ತಾರೀಕಿನ ಹಾಗೆ ಕಾಣುತ್ತವೆ, ಅದಕ್ಕೇ ತಾರೀಕಾದವು. 112/45 ಅನ್ನುವ ತಾರೀಕು ಪ್ರಪಂಚದಲ್ಲೇ ಇಲ್ಲ, ಹಾಗಾಗಿ ಅದು ಉಳಿಯಿತು. ಯಾವುದು ಕೆಟ್ಟಿದೆ, ಯಾವುದು ನೆಟ್ಟಗಿದೆ ಅಂತ ಹುಡುಕುವುದಕ್ಕೆ ಒಂದೊಂದೇ ಸಾಲು ಓದಬೇಕಾಗಿಲ್ಲ. ಕಾಲಂ ಸ್ವಲ್ಪ ಅಗಲ ಮಾಡಿ, ಅಷ್ಟೇ. ಎಡಕ್ಕೆ ಅಂಟಿಕೊಂಡಿರುವುದು ಅಕ್ಷರ, ಬಲಕ್ಕೆ ಅಂಟಿಕೊಂಡಿರುವುದು ಸಂಖ್ಯೆ. ನೀವು ಅಲೈನ್‌ಮೆಂಟ್ ಬದಲಾಯಿಸದೇ ಇದ್ದರೆ ಎಕ್ಸೆಲ್ ಯಾವುದನ್ನು ಏನಂತ ತಿಳಿದುಕೊಂಡಿದೆ ಅಂತ ಹೀಗೆ ಕಣ್ಣಿನಲ್ಲೇ ಗೊತ್ತಾಗುತ್ತದೆ. ಸಂಬಳದ ಕಾಲಂನಲ್ಲಿ ಒಂದು ಮೊತ್ತ ಎಡಕ್ಕೆ ಕೂತಿದ್ದರೆ ಅದನ್ನು ಸಮ್ ಫಾರ್ಮುಲಾ ಕೂಡುವುದೇ ಇಲ್ಲ. ಈ ವಿಡಿಯೋದಲ್ಲಿ ಇನ್ನೇನು ಮರೆತರೂ ಇದೊಂದು ನೆನಪಿಡಿ.

ಚಿಕ್ಕಮ್ಮ ಹೆದರಿದ್ದು ಆಮೇಲೆ. ತಾರೀಕು ಹೋಗಲಿ ಅಂತ ಇಡೀ ಕಾಲಂ ಆರಿಸಿ ಫಾರ್ಮ್ಯಾಟ್ ಅನ್ನು ಟೆಕ್ಸ್ಟ್ ಮಾಡಿದರು. 12/3 ವಾಪಸ್ ಬರಲಿಲ್ಲ. 45728 ಅಂತ ಬಂತು.

[ಪರದೆ: 45728 ದೊಡ್ಡದಾಗಿ.]

ಎಲ್ಲಿಂದ ಬಂತು ಈ ನಂಬರ್? ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಇಲ್ಲೇ ನಿಲ್ಲುತ್ತೇನೆ.

ಎಕ್ಸೆಲ್‌ಗೆ ತಾರೀಕು ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ದಿನ ಎಣಿಸುತ್ತದೆ. 1900ರ ಜನವರಿ 1 ಅಂದರೆ 1. ಜನವರಿ 2 ಅಂದರೆ 2. ಹಾಗೇ ಒಂದೊಂದೇ ಕೂಡುತ್ತಾ ಬಂದರೆ 2025ರ ಮಾರ್ಚ್ 12 ಬರುವ ಹೊತ್ತಿಗೆ 45728. ನಮ್ಮ ಕಣ್ಣಿಗೆ ಕಾಣುವ ದಿನ, ತಿಂಗಳು, ವರ್ಷ ಎಲ್ಲಾ ಆ ಸಂಖ್ಯೆಗೆ ತೊಡಿಸಿದ ಅಂಗಿ. ಅಂಗಿ ಬಿಚ್ಚಿದಾಗ ಒಳಗಿನ ಸಂಖ್ಯೆ ಕಂಡಿತು, ಅಷ್ಟೇ. ನೀವು ಬರೆದ 12/3 ಅನ್ನುವುದು ಎಂಟರ್ ಒತ್ತಿದ ಕ್ಷಣವೇ ಹೋಗಿತ್ತು.

ಇದು ಗೊತ್ತಾದರೆ ಎಷ್ಟೋ ಕೆಲಸ ಸುಲಭವಾಗುತ್ತದೆ. ಒಂದು ಸೆಲ್‌ನಲ್ಲಿ 1 ನವೆಂಬರ್ 1956 ಅಂತ ಹಾಕಿ, ನಮ್ಮ ರಾಜ್ಯ ಒಂದಾದ ದಿನ. ಒಳಗೆ 20760. ಇನ್ನೊಂದರಲ್ಲಿ 1 ನವೆಂಬರ್ 1973, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ದಿನ. ಒಳಗೆ 26969. ಒಂದರಿಂದ ಇನ್ನೊಂದನ್ನು ಕಳೆಯಿರಿ. 6209. ಒಂದಾಗಿ 6209 ದಿನ ಆದ ಮೇಲೆ ನಮಗೆ ಕರ್ನಾಟಕ ಅನ್ನುವ ಹೆಸರು ಸಿಕ್ಕಿದೆ. ಯಾವ ಫಾರ್ಮುಲಾನೂ ಬೇಕಾಗಲಿಲ್ಲ, ಸುಮ್ನೆ ಒಂದು ಮೈನಸ್. ಮನೆ ಸಾಲ, ಎಫ್‌ಡಿ, ಮಗು ಹುಟ್ಟಿ ಎಷ್ಟು ದಿನವಾಯಿತು, ಎಲ್ಲದಕ್ಕೂ ಇದೇ ಮೈನಸ್ ಸಾಕು.

ಈಗ ಒಂದು ಸೆಲ್‌ನಲ್ಲಿ 60 ಅಂತ ಹಾಕಿ. ಕಂಟ್ರೋಲ್ ಒಂದು ಒತ್ತಿ, ಫಾರ್ಮ್ಯಾಟ್ ಡೇಟ್ ಮಾಡಿ.

[ಪರದೆ: 29-ಫೆಬ್ರವರಿ-1900.]

1900ರ ಫೆಬ್ರವರಿ 29. ಆ ದಿನ ಈ ಭೂಮಿಯ ಮೇಲೆ ಬಂದೇ ಇಲ್ಲ! ನಾಲ್ಕರಿಂದ ಭಾಗವಾಗುವ ವರ್ಷ ಲೀಪ್ ವರ್ಷ ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಅದರ ಬಾಲದಲ್ಲಿ ಇನ್ನೊಂದು ನಿಯಮ ಇದೆ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗಬೇಕು. 2000 ಆಗುತ್ತದೆ. 1900 ಆಗುವುದಿಲ್ಲ. ಹಾಗಾಗಿ ಆ ವರ್ಷ ಫೆಬ್ರವರಿಗೆ 28 ದಿನ ಮಾತ್ರ. ಎಕ್ಸೆಲ್ ಮಾತ್ರ 29 ಅನ್ನುತ್ತದೆ.

ಈ ತಪ್ಪು ಎಕ್ಸೆಲ್‌ನಲ್ಲಿ ಹುಟ್ಟಿದ್ದಲ್ಲ. 1983ರಲ್ಲಿ ಲೋಟಸ್ 1-2-3 ಅನ್ನುವ ಸ್ಪ್ರೆಡ್‌ಶೀಟ್ ಬಂದಿತ್ತು, ಆಗಿನ ಆಫೀಸುಗಳಲ್ಲೆಲ್ಲ ಅದರದೇ ರಾಜ್ಯಭಾರ. ಅದು 1900 ಅನ್ನು ಲೀಪ್ ವರ್ಷ ಅಂತ ಹಿಡಿದಿತ್ತು. ಎಕ್ಸೆಲ್ ಬಂದಾಗ ಜನರ ಹಳೆಯ ಲೋಟಸ್ ಫೈಲ್‌ಗಳು ಇಲ್ಲೂ ಹಾಗೇ ತೆರೆದುಕೊಳ್ಳಬೇಕಿತ್ತು. ಎಣಿಕೆ ಸರಿ ಮಾಡಲು ಹೋದರೆ ಆ ಫೈಲ್‌ಗಳ ತಾರೀಕುಗಳೆಲ್ಲ ಒಂದೊಂದು ದಿನ ಜರುಗುತ್ತವೆ. ಅದಕ್ಕೆ ತಪ್ಪನ್ನೂ ಹಾಗೇ ಉಳಿಸಿಕೊಂಡರು. ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಅದು ಕೂತಿದೆ. ಬೇಕಾದರೆ ಇನ್ನೊಂದು ಪರೀಕ್ಷೆ ಮಾಡಿ. 1900ರ ಜನವರಿ 1 ಯಾವ ವಾರ ಅಂತ ಎಕ್ಸೆಲ್‌ನ ಕೇಳಿ, ಭಾನುವಾರ ಅನ್ನುತ್ತದೆ. ನಿಜವಾಗಿ ಅದು ಸೋಮವಾರ. ಮಾರ್ಚ್ 1ರಿಂದ ಈಚೆಗೆ ಎಲ್ಲಾ ಸರಿ ಇದೆ, ಹಾಗಾಗಿ ನಮ್ಮ ನಿಮ್ಮ ಲೆಕ್ಕಕ್ಕೆ ತೊಂದರೆ ಇಲ್ಲ. ಗೂಗಲ್ ಶೀಟ್ಸ್‌ನವರು ಎಣಿಕೆಯನ್ನೇ ಒಂದು ದಿನ ಹಿಂದೆ ಶುರು ಮಾಡಿ ಇದನ್ನು ದಾಟಿದರು. ಅಲ್ಲಿ 1900ರ ಜನವರಿ 1 ಅಂದರೆ 2. ಮಾರ್ಚ್ 1ಕ್ಕೆ ಎರಡೂ 61ರಲ್ಲಿ ಸೇರಿಕೊಳ್ಳುತ್ತವೆ. ಎಷ್ಟು ಚಂದದ ಉಪಾಯ!

ಎಣಿಕೆ 1900ರಿಂದ ಶುರು ಅಂದಮೇಲೆ ಅದಕ್ಕೂ ಹಿಂದಿನ ತಾರೀಕು? ಕುವೆಂಪು ಹುಟ್ಟಿದ 29 ಡಿಸೆಂಬರ್ 1904 ಹಾಕಿ, ಬಲಕ್ಕೆ ಹೋಗಿ ಕೂರುತ್ತದೆ, ಒಳಗೆ 1825. ಬೇಂದ್ರೆ ಹುಟ್ಟಿದ 31 ಜನವರಿ 1896 ಹಾಕಿ, ಎಡಕ್ಕೇ ನಿಲ್ಲುತ್ತದೆ. ಎಕ್ಸೆಲ್ ಪಾಲಿಗೆ ಅದು ತಾರೀಕೇ ಅಲ್ಲ, ಬರೀ ಅಕ್ಷರ. ಶಾಸನ, ಮನೆತನದ ವಂಶಾವಳಿ, ಹಳೆಯ ಪತ್ರಿಕೆ ಅಂತ ಕೆಲಸ ಮಾಡುವವರು ದಿನ, ತಿಂಗಳು, ವರ್ಷವನ್ನು ಮೂರು ಬೇರೆ ಬೇರೆ ಕಾಲಂನಲ್ಲಿ ಇಡುವುದೇ ಒಳ್ಳೆಯದು.

ಸರಿ, ಚಿಕ್ಕಮ್ಮನ ಮನೆ ನಂಬರ್‌ಗೆ ಬರೋಣ. ಮುಂಚೆಯೇ ತಡೆಯುವುದಾದರೆ ಟೈಪ್ ಮಾಡುವ ಮೊದಲೇ ಕಾಲಂ ಆರಿಸಿ ಟೆಕ್ಸ್ಟ್ ಮಾಡಿಬಿಡಿ. ಒಂದೆರಡೇ ಸೆಲ್ ಆದರೆ ಎಂಟರ್ ಕೀ ಪಕ್ಕದಲ್ಲಿರುವ ಒಂಟಿ ಕೊಟೇಶನ್ ಗುರುತು ಹಾಕಿ ಆಮೇಲೆ 12/3 ಬರೆಯಿರಿ. ಆ ಗುರುತು ಸೆಲ್‌ನಲ್ಲಿ ಕಾಣುವುದಿಲ್ಲ. ಆಗಲೇ ಕೆಟ್ಟುಹೋಗಿದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಮಾಡಿ: ಈಕ್ವಲ್ ಟು, ಡೇ, ಬ್ರಾಕೆಟ್‌ನಲ್ಲಿ ಎ2, ಆಮೇಲೆ ಆಂಪರ್ಸೆಂಡ್, ಡಬಲ್ ಕೊಟೇಶನ್ ಒಳಗೆ ಒಂದು ಓರೆಗೆರೆ, ಮತ್ತೆ ಆಂಪರ್ಸೆಂಡ್, ಮಂತ್, ಬ್ರಾಕೆಟ್‌ನಲ್ಲಿ ಎ2. ದಿನ 12, ತಿಂಗಳು 3, ನಡುವೆ ಗೆರೆ. ಮನೆ ನಂಬರ್ ವಾಪಸ್ ಬಂತು. ತಾರೀಕಾಗಿ ಹೋದ ಸಾಲುಗಳಿಗೆ ಮಾತ್ರ ಇದನ್ನು ಹಾಕಿ, ಮಿಕ್ಕವನ್ನು ಮುಟ್ಟಬೇಡಿ.

ಇದು ಬರೀ ನಮ್ಮ ಬೀದಿಯ ಕಥೆಯಲ್ಲ. ಮನುಷ್ಯರ ಜೀನ್‌ಗಳಲ್ಲಿ ಮಾರ್ಚ್1, ಸೆಪ್ಟ್2 ಅಂತ ಹೆಸರಿನವು ಇದ್ದವು. ವಿಜ್ಞಾನಿಗಳು ಪಟ್ಟಿ ತೆರೆದರೆ ಅವು ತಾರೀಕಾಗಿರುತ್ತಿದ್ದವು. 2016ರ ಒಂದು ಸಂಶೋಧನೆ ಎಕ್ಸೆಲ್ ಜೀನ್ ಪಟ್ಟಿ ಇರುವ ಸಾವಿರಾರು ಪ್ರಬಂಧಗಳನ್ನು ನೋಡಿತು. ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಮಾರ್ಚ್1 ಈಗ ಮಾರ್ಚ್‌ಎಫ್1, ಸೆಪ್ಟ್2 ಈಗ ಸೆಪ್ಟಿನ್2. 2023ರಲ್ಲಿ ಮೈಕ್ರೋಸಾಫ್ಟ್ ಈ ತಾನಾಗಿ ಬದಲಾಯಿಸುವ ಗುಣ ಆಫ್ ಮಾಡಲು ಆಯ್ಕೆ ಕೊಟ್ಟಿತು. ಫೈಲ್, ಆಪ್ಷನ್ಸ್, ಡೇಟಾ ಒಳಗೆ ಇದೆ. ಆದರೆ ಅದು ಅಕ್ಷರ, ಅಂಕಿ ಒಟ್ಟಿಗೆ ಅಂಟಿಕೊಂಡಿರುವ ಹೆಸರುಗಳಿಗೆ. ನಮ್ಮ 12/3ಕ್ಕೆ ಸಾಲದು.

ಈಗ ವಾಚ್‌ಮನ್ ಹಾಳೆ. ಇದು ನನಗೆ ಮನೆ ನಂಬರ್‌ಗಿಂತ ಮುಖ್ಯ, ಯಾಕೆಂದರೆ ಇಲ್ಲಿ ಒಬ್ಬರ ದುಡಿಮೆಯ ಲೆಕ್ಕ ಇದೆ. ರಾಯಚೂರು ಕಡೆಯವರು, ರಾತ್ರಿ ಪಾಳಿ, ಎಂಟರಿಂದ ಬೆಳಿಗ್ಗೆ ಎಂಟರವರೆಗೆ. ತಿಂಗಳಿಗೆ 26 ಪಾಳಿ.

ದಿನ ಅಂದರೆ 1 ಅಲ್ವಾ? ಹಾಗಾದರೆ ಮಧ್ಯಾಹ್ನ ಹನ್ನೆರಡು ಅಂದರೆ ಅರ್ಧ, 0.5. ಬೆಳಿಗ್ಗೆ ಆರು ಅಂದರೆ ಕಾಲು. ಗಂಟೆ ಅನ್ನುವುದು ದಿನದ ಒಂದು ತುಣುಕು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟನ್ನು ನೇರವಾಗಿ ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಸೆಲ್ ತುಂಬಾ ಹ್ಯಾಶ್ ಗುರುತು ಬರುತ್ತದೆ. ಅದಕ್ಕೆ ಎಂ ಒ ಡಿ ಅನ್ನುವ ಫಂಕ್ಷನ್ ಒಳಗೆ ಬಿ2 ಮೈನಸ್ ಎ2, ಕಾಮಾ, 1 ಅಂತ ಬರೆಯಿರಿ. ಎ2 ಬಂದ ಹೊತ್ತು, ಬಿ2 ಹೊರಟ ಹೊತ್ತು. ನಡುರಾತ್ರಿ ದಾಟಿದರೂ ಹನ್ನೆರಡು ಗಂಟೆ ಸರಿಯಾಗಿ ಬರುತ್ತದೆ.

ಚಿಕ್ಕಮ್ಮ ಈ 26 ಸಾಲು ಕೂಡಿದರು. ಮೊತ್ತ ಎಷ್ಟು ಬಂತು ಗೊತ್ತಾ?

[ಪರದೆ: 00:00]

ಸೊನ್ನೆ. ತಿಂಗಳಿಡೀ ನಿದ್ದೆಗೆಟ್ಟು ಬೀದಿ ಕಾದವರ ಹೆಸರಿನ ಮುಂದೆ ಸೊನ್ನೆ. ಫಾರ್ಮುಲಾ ಕೆಟ್ಟಿದೆ ಅಂತ ಅವರು ಪ್ರತಿ ತಿಂಗಳೂ ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಿದ್ದರು. ಫಾರ್ಮುಲಾ ಸರಿಯಾಗೇ ಇತ್ತು. 26 ಪಾಳಿ, ಹನ್ನೆರಡು ಗಂಟೆಯಂತೆ, 312 ಗಂಟೆ. ಅಂದರೆ ಸರಿಯಾಗಿ 13 ದಿನ. 24 ಗಂಟೆಯ ಗಡಿಯಾರ 13 ಸುತ್ತು ಪೂರ್ತಿ ಹೊಡೆದು ಮತ್ತೆ ನಡುರಾತ್ರಿಗೇ ಬಂದು ನಿಂತಿದೆ. ಎಕ್ಸೆಲ್ ತೋರಿಸಿದ್ದು ಗಡಿಯಾರವನ್ನು. ನಮಗೆ ಬೇಕಿದ್ದದ್ದು ಒಟ್ಟು ಗಂಟೆ.

ಕಂಟ್ರೋಲ್ ಒಂದು, ಕಸ್ಟಮ್, ಅಲ್ಲಿ ಎಚ್ ಅಕ್ಷರವನ್ನು ಮಾತ್ರ ಚೌಕ ಬ್ರಾಕೆಟ್ ಒಳಗೆ ಹಾಕಿ, ಕೋಲನ್, ಎಂಎಂ. 312:00 ಬಂತು. ಆ ಪುಟ್ಟ ಬ್ರಾಕೆಟ್ ಇದ್ದರೆ 24 ಗಂಟೆಗೆ ಮತ್ತೆ ಸೊನ್ನೆಗೆ ಹೋಗುವುದಿಲ್ಲ. ಸಂಬಳ ಲೆಕ್ಕ ಹಾಕುವಾಗ ಆ ಮೊತ್ತವನ್ನು ಮೊದಲು 24ರಿಂದ ಗುಣಿಸಿ. ಲೆಕ್ಕಕ್ಕೆ ಗಂಟೆಗೆ 80 ರೂಪಾಯಿ ಅಂತ ಇಟ್ಟುಕೊಳ್ಳಿ. 24 ಮರೆತರೆ 13 ಇಂಟು 80, ಬರೀ 1040 ರೂಪಾಯಿ. 24 ಹಾಕಿದರೆ 24,960. ಗಂಟೆ ಲೆಕ್ಕದಲ್ಲಿ ಯಾರಿಗಾದರೂ ಕೂಲಿ ಕೊಡುತ್ತಿದ್ದರೆ ದಯವಿಟ್ಟು ಇವತ್ತೇ ಆ ಶೀಟ್ ತೆರೆದು ನೋಡಿ.

ಟೈಮ್ ಆಗುತ್ತಿದೆ, ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ನಮ್ಮ ಬೆಂಗಳೂರಿನ 080 ಹಾಕಿದರೆ 80 ಆಗುತ್ತದೆ, ಸಂಖ್ಯೆಗೆ ಮುಂದಿನ ಸೊನ್ನೆ ಬೇಕಾಗಿಲ್ಲ. ಫೋನ್ ಕಾಲಂ ಟೆಕ್ಸ್ಟ್ ಆಗಿರಲಿ. ಆಧಾರ್‌ನ 12 ಅಂಕಿ ಹಾಕಿದರೆ ನಡುವೆ ಇ ಬಂದು ವಿಚಿತ್ರವಾಗಿ ಕಾಣುತ್ತದೆ, ಒಳಗೆ ಸಂಖ್ಯೆ ಕ್ಷೇಮವಾಗಿದೆ. ಆದರೆ 16 ಅಂಕಿಯ ಬ್ಯಾಂಕ್ ಖಾತೆ ಹಾಗಲ್ಲ. ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ, ಹದಿನಾರನೆಯದು ಸೊನ್ನೆಯಾಗಿಬಿಡುತ್ತದೆ, ಆಮೇಲೆ ಯಾವ ಫಾರ್ಮುಲಾನೂ ಅದನ್ನು ವಾಪಸ್ ತರುವುದಿಲ್ಲ. ಅದೂ ಟೆಕ್ಸ್ಟ್. ಬೇರೆ ಕಡೆಯಿಂದ ಬಂದ ಸಿಎಸ್‌ವಿ ಫೈಲ್, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಪಟ್ಟಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಡೇಟಾ ಮೆನುವಿನಿಂದ ಒಳಗೆ ತಂದುಕೊಳ್ಳಿ, ಯಾವ ಕಾಲಂ ಟೆಕ್ಸ್ಟ್ ಅಂತ ಅಲ್ಲೇ ಹೇಳಬಹುದು. ಇವತ್ತಿನ ತಾರೀಕಿಗೆ ಕಂಟ್ರೋಲ್ ಸೆಮಿಕೋಲನ್. ಬಾಡಿಗೆ, ಕಂತಿನ ತಾರೀಕಿಗೆ 30 ಕೂಡಬೇಡಿ, ಇಡೇಟ್ ಅನ್ನುವ ಫಂಕ್ಷನ್ ಬಳಸಿ, ಜನವರಿ 31ಕ್ಕೆ ಒಂದು ತಿಂಗಳು ಕೂಡಿದರೆ ಅದು ಫೆಬ್ರವರಿಯ ಕೊನೇ ದಿನಕ್ಕೇ ನಿಲ್ಲುತ್ತದೆ.

ಕೊನೆಯದು ಚಿಕ್ಕಮ್ಮ ಕೇಳಿದ್ದು. ಪಾಳಿ ಪಟ್ಟಿಯನ್ನು ಗೇಟ್ ಹತ್ತಿರ ಅಂಟಿಸುತ್ತಾರೆ, ಅದು ಕನ್ನಡದಲ್ಲಿ ಬರಬೇಕಿತ್ತು. ತಾರೀಕಿನ ಕಾಲಂ ಆರಿಸಿ ಕಂಟ್ರೋಲ್ ಒಂದು ಒತ್ತಿ, ಡೇಟ್‌ಗೆ ಹೋಗಿ, ಕೆಳಗೆ ಲೊಕೇಲ್ ಪಟ್ಟಿಯಲ್ಲಿ ಕನ್ನಡ ಆರಿಸಿ. ಆಮೇಲೆ ಕಸ್ಟಮ್‌ಗೆ ಹೋದರೆ ಕನ್ನಡದ ಗುರುತು ಆಗಲೇ ಅಲ್ಲಿರುತ್ತದೆ, ಅದನ್ನು ಬಿಟ್ಟು ಉಳಿದದ್ದನ್ನು ಅಳಿಸಿ ನಾಲ್ಕು ಸಲ ಡಿ ಹಾಕಿ.

[ಪರದೆ: ಕಾಲಂ ಮೇಲಿಂದ ಕೆಳಕ್ಕೆ ಸೋಮವಾರ, ಮಂಗಳವಾರ, ಬುಧವಾರ ಎಂದು ಬದಲಾಗುತ್ತದೆ.]

ಒಳಗೆ ಅದೇ ನಲವತ್ತೈದು ಸಾವಿರ ಚಿಲ್ಲರೆ ಸಂಖ್ಯೆ. ಗೇಟ್ ಹತ್ತಿರ ಓದುವವರಿಗೆ ಗುರುವಾರ, ರಾತ್ರಿ ಎಂಟು.