ಆದರ್ಶಗಳ ಒಳಜಗಳ

ಕೇಳುಗರೇ, ನಮಸ್ಕಾರ.

ತತ್ತ್ವಶಾಸ್ತ್ರ ಸಮಾಜದ ಆದರ್ಶಗಳನ್ನು ಕೆಡಿಸುತ್ತದೆ ಎಂಬ ದೂರು ಬಹಳ ಹಳೆಯದು. ಕ್ರಿ.ಪೂ. 399ರಲ್ಲಿ ಅಥೆನ್ಸ್ ನಗರ ಸಾಕ್ರೆಟೀಸನಿಗೆ ಮರಣದಂಡನೆ ವಿಧಿಸಿದ್ದು ಇಂಥ ದೂರಿನ ಮೇಲೆಯೇ: ನಗರದ ದೇವರುಗಳನ್ನು ಒಪ್ಪುವುದಿಲ್ಲ, ಯುವಕರ ದಾರಿ ತಪ್ಪಿಸುತ್ತಾನೆ. ಅವನು ನಿಜವಾಗಿ ಮಾಡುತ್ತಿದ್ದುದೇನು?

ಅವನ ಶಿಷ್ಯ ಪ್ಲೇಟೊ ಬರೆದಿಟ್ಟ ಒಂದು ಮಾತುಕತೆ ನೋಡಿ. ಧೈರ್ಯವೆಂದರೇನು ಎಂದು ಸಾಕ್ರೆಟೀಸ್ ಸೇನಾನಿ ಲಾಕೀಸನನ್ನು ಕೇಳುತ್ತಾನೆ. ಸಾಲು ಬಿಡದೆ ನಿಂತು ಹೋರಾಡುವುದು ಎಂದು ಉತ್ತರ. ಹಾಗಾದರೆ ಪ್ಲಟೀಯದ ಕಾಳಗದಲ್ಲಿ ಹಿಂದೆ ಸರಿದು, ಪರ್ಷಿಯನ್ನರ ಸಾಲು ಚದುರಿದೊಡನೆ ತಿರುಗಿಬಿದ್ದು ಗೆದ್ದ ಸ್ಪಾರ್ಟನ್ನರು ಹೇಡಿಗಳೇ? ಲಾಕೀಸ್ ಹಾಗೆನ್ನಲಾರ. ಉತ್ತರ ಬದಲಾಗುತ್ತದೆ: ಧೈರ್ಯವೆಂದರೆ ಮನಸ್ಸಿನ ತಾಳಿಕೆ. ಮೂರ್ಖನ ತಾಳಿಕೆಯೂ ಸೇರಿತೇ? ಇಲ್ಲ, ವಿವೇಕಿಯದು ಮಾತ್ರ. ಆದರೆ ಬಾವಿಗೆ ಧುಮುಕುವವರಲ್ಲಿ ಪಳಗಿದವನಿಗಿಂತ ಪಳಗದವನೇ ಹೆಚ್ಚು ಧೈರ್ಯವಂತ ಎಂದೂ ಅವನೇ ಒಪ್ಪುತ್ತಾನೆ. ಪಳಗದೆ ಧುಮುಕುವುದು ಅವಿವೇಕವಲ್ಲವೇ?

ಸಾಕ್ರೆಟೀಸ್ ತನ್ನದೆಂದು ಏನನ್ನೂ ಸೇರಿಸಿಲ್ಲ, ಗಮನಿಸಿ. ಮೊದಲು ಲಕ್ಷಣ ಹೇಳಿಸಿದ, ಎದುರಿನವನೇ ಒಪ್ಪುವ ಇನ್ನೆರಡು ಮಾತು ಹೊರಡಿಸಿದ, ಎಲ್ಲವನ್ನೂ ಒಟ್ಟಿಗಿಟ್ಟು ತೋರಿಸಿದ. ವಿರೋಧವಿದ್ದದ್ದು ಲಾಕೀಸನ ನಂಬಿಕೆಗಳ ನಡುವೆಯೇ.

ಎಡವಟ್ಟಾಗುವುದು ಇದರ ನಂತರ. ಉತ್ತರ ಬಿದ್ದರೆ ಆದರ್ಶವೇ ಬಿತ್ತೆಂದು ಜನ ತಿಳಿಯುತ್ತಾರೆ. ಈ ಪರೀಕ್ಷೆಯಿಂದ ಗೊತ್ತಾಗುವುದು ಇಷ್ಟೇ: ಒಪ್ಪಿಕೊಂಡ ಮಾತುಗಳಲ್ಲಿ ಒಂದಾದರೂ ತಪ್ಪು. ಯಾವುದೆಂದು ಬೇರೆಯಾಗಿ ಹುಡುಕಬೇಕು. ಆ ತಾಳ್ಮೆ ಯಾರಿಗಿದೆ! ಸಾಕ್ರೆಟೀಸನ ಹಿಂದೆ ತಿರುಗುತ್ತಿದ್ದ ಯುವಕರೂ ಹಿರಿಯರನ್ನು ಹೀಗೆ ಪ್ರಶ್ನಿಸತೊಡಗಿದರು. ಪೇಚಿಗೆ ಸಿಕ್ಕವರ ಸಿಟ್ಟೆಲ್ಲ ಸಾಕ್ರೆಟೀಸನ ಮೇಲೆ. ಆದರೂ ವಿಚಾರಣೆಯಲ್ಲಿ ಇನ್ನು 30 ಮತ ಅವನ ಕಡೆಗೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿತ್ತು ಎನ್ನುತ್ತಾನೆ ಪ್ಲೇಟೊ.

ತಪ್ಪು ತತ್ತ್ವಜ್ಞಾನಿಗಳ ಕಡೆಯೂ ಉಂಟು. ಗೆಳೆಯನನ್ನು ಅಟ್ಟಿಸಿಕೊಂಡು ಬಂದ ಕೊಲೆಗಾರ ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳಕೂಡದು ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ವಾದಿಸಿದ. ಒಂದೇ ಆದರ್ಶವನ್ನು ಹಿಡಿದು ಕೊನೆತನಕ ಎಳೆದರೆ ಇನ್ನೊಂದು ಬಲಿಯಾಗುತ್ತದೆ. ಇಲ್ಲಿ ಸುಳ್ಳು ಹೇಳಿ ಗೆಳೆಯನನ್ನು ಉಳಿಸಬೇಕೆಂಬ ಜನಸಾಮಾನ್ಯರ ತಿಳಿವಳಿಕೆಯೇ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಆಗ ಗೆರೆ ಎಲ್ಲಿ ಎಂದು ನಾವು ಹೇಳಬೇಕಾಗುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಸುಳ್ಳಿಗೆ ವಿನಾಯಿತಿಯೇ? ಮಾನ ಹೋಗುವಾಗಲೂ ಇದೆಯೇ? ಸತ್ಯ ತಿಳಿಯುವ ಹಕ್ಕಿರುವವರಿಗಷ್ಟೇ ಸತ್ಯ ಹೇಳುವ ಹೊಣೆ ಎಂದು ಫ್ರೆಂಚ್ ಲೇಖಕ ಬೆಂಜಮಿನ್ ಕಾನ್‌ಸ್ಟಾಂ ಗೆರೆ ಎಳೆದಿದ್ದ. ಆ ಹಕ್ಕು ಯಾರಿಗಿದೆ ಎಂದು ತೀರ್ಮಾನಿಸುವವನು ಸುಳ್ಳು ಹೇಳಲು ಹೊರಟವನೇ ಆದರೆ, ಈ ಗೆರೆಯೂ ನಿಲ್ಲುವುದು ಕಷ್ಟ.

ನಮಸ್ಕಾರ.