ಕಟ್ಟೆ ತುಂಬಿದಾಗ ಆಡಬೇಕಾದ ಮಾತು

ಕೇಳುಗರಿಗೆ ನಮಸ್ಕಾರ.

ಕನ್ನಂಬಾಡಿ ಕಟ್ಟೆಯ ನೀರು ನೂರು ಅಡಿಗೆ ಇಳಿಯಿತು ಅನ್ನಿ. ಪೂರ್ಣ ಮಟ್ಟ 124.80 ಅಡಿ. ತಂಜಾವೂರಿನ ರೈತ ಈ ಸುದ್ದಿ ಓದಿದರೆ, ಐದರಲ್ಲಿ ನಾಲ್ಕು ಪಾಲು ನೀರಿಟ್ಟುಕೊಂಡು ಇಲ್ಲ ಅನ್ನುತ್ತಾರಲ್ಲ ಎಂದು ಸಿಟ್ಟಾಗುತ್ತಾನೆ. ಆದರೆ ಕಟ್ಟೆ ಬೋಗುಣಿ ಇದ್ದ ಹಾಗೆ, ಮೇಲೆ ಅಗಲ, ತಳದಲ್ಲಿ ಕಿರಿದು. ನೂರು ಅಡಿಯಲ್ಲಿ ಇರುವುದು ಒಟ್ಟು 49.45 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಅರ್ಧಕ್ಕಿಂತ ಕಡಿಮೆ. ನಾವೂ ಇದೇ ತಪ್ಪು ಮಾಡುತ್ತೇವೆ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಯಲ್ಲಿ 120ಕ್ಕೆ 60 ಅಡಿ ಇದ್ದರೆ ಅರ್ಧ ತುಂಬಿದೆ ಅನ್ನುತ್ತೇವೆ. ಅಲ್ಲಿರುವುದು ಹೆಚ್ಚುಕಮ್ಮಿ ಕಾಲು ಭಾಗ. ಕಾವೇರಿ ಜಗಳದಲ್ಲಿ ಅರ್ಧ ಅನುಮಾನ ಇಂಥ ಲೆಕ್ಕದಿಂದಲೇ ಹುಟ್ಟುತ್ತದೆ.

2002ರ ಬರದ ನಂತರ, 2003ರಲ್ಲಿ, ಎರಡೂ ರಾಜ್ಯಗಳ ರೈತರು ಚೆನ್ನೈನಲ್ಲಿ ಎದುರುಬದುರು ಕೂತರು. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊಫೆಸರ್ ಎಸ್. ಜನಕರಾಜನ್ ಅದಕ್ಕೆ ನೆರವಾದರು. ಆ ಕೂಟಕ್ಕೆ ‘ಕಾವೇರಿ ಕುಟುಂಬ’ ಎಂದು ಹೆಸರಾಯಿತು. ಇವರು ಅಲ್ಲಿಯ ಗದ್ದೆಗೆ ಹೋದರು, ಅವರು ಇಲ್ಲಿಯ ಗದ್ದೆಗೆ ಬಂದರು. ಹಂಚಿಕೆಯ ಒಪ್ಪಂದವೇನೂ ಆಗಲಿಲ್ಲ. ಹಾಗೆಂದು ಅದು ಸೋತಿತು ಅನ್ನಲು ನಾನು ತಯಾರಿಲ್ಲ.

ಗದ್ದೆಗೆ ಹೋಗದೆ ತಿಳಿಯದ ಸಂಗತಿಗಳಿವೆ. ತಂಜಾವೂರು ಕಡೆಯ ಮುಖಜ ಭೂಮಿಯಲ್ಲಿ (ಡೆಲ್ಟಾದಲ್ಲಿ) ಕುರುವೈ ಎಂಬ ಗಿಡ್ಡ ಅವಧಿಯ ಭತ್ತದ ಬೆಳೆಯನ್ನು ಬರದ ವರ್ಷ ಕೈಬಿಡಬಹುದು. ಸಾಂಬಾ ಎಂಬ ದೀರ್ಘ ಅವಧಿಯ ಭತ್ತ ಹಾಗಲ್ಲ. ಅದರ ಸಸಿಮಡಿಗೆ, ನಾಟಿಗೆ ಆಗಸ್ಟ್, ಸೆಪ್ಟೆಂಬರಿನಲ್ಲೇ ನೀರು ಬೇಕು, ಅಲ್ಲಿಯ ಮಳೆಯೋ ಅಕ್ಟೋಬರಿಗೆ ಶುರು. ನಾಟಿ ತಡವಾದರೆ ಎಳೆ ಪೈರು ನವೆಂಬರಿನ ಜಡಿಮಳೆಯಲ್ಲಿ ಮುಳುಗುತ್ತದೆ. ಕಡಲ ಅಂಚಿನಲ್ಲಿ ಅಂತರ್ಜಲ ಉಪ್ಪು, ಬೋರ್‌ವೆಲ್ ಕೊರೆಸಿಯೂ ಲಾಭವಿಲ್ಲ. ಇತ್ತ ಮಂಡ್ಯದಲ್ಲಿ ಕಬ್ಬು ವರ್ಷದ ಬೆಳೆ, ಹತ್ತು ತಿಂಗಳು ಸಾಕಿ ಒಣಗಲು ಬಿಡಲಾಗದು. ಭತ್ತಕ್ಕೂ ಸೆಪ್ಟೆಂಬರಿನಲ್ಲೇ ನೀರು ಬೇಕು. ಇಬ್ಬರಿಗೂ ಒಂದೇ ತಿಂಗಳು ಬಾಯಾರಿಕೆ.

ಇಂಥ ಮಾತುಕತೆಗೆ ಯಾರನ್ನು ಕರೆಯಬೇಕು? ಮುಖಂಡರನ್ನಷ್ಟೇ ಕರೆದರೆ ಭಾಷಣ ಆಗುತ್ತದೆ. ಎರಡೂ ಕಡೆಯಿಂದ ಸಮಾನ ಸಂಖ್ಯೆಯಲ್ಲಿ, ಕಾಲುವೆಯ ಕೊನೆ ಭಾಗದ ರೈತರನ್ನು ಕರೆಯಬೇಕು. ಮದ್ದೂರು, ಮಳವಳ್ಳಿಯ ಕೊನೆ ಭಾಗದವರಿಗೆ ಮೇಲಿನವರು ನೀರು ಬಿಡದ ನೋವು ಗೊತ್ತು. ನಾಗಪಟ್ಟಿಣಂ ಕಡೆ ಅಂಥವರನ್ನು ‘ಕಡೈಮಡೈ’ ರೈತರು ಅನ್ನುತ್ತಾರೆ. ಕಡೆ ಎಂಬ ಪದಕ್ಕಂತೂ ದುಭಾಷಿ ಬೇಕಿಲ್ಲ! ಉಳಿದ ಮಾತಿಗೆ ಬೇಕು, ಒಬ್ಬರಲ್ಲ, ಕಡೆಗೊಬ್ಬರಂತೆ ಇಬ್ಬರು. ಒಬ್ಬರೇ ಆದರೆ ಅವರ ಮೇಲೇ ಅನುಮಾನ ಬರುತ್ತದೆ.

ಮೊದಲ ದಿನ ಹಂಚಿಕೆಯ ಮಾತು ಬೇಡ. ಗದ್ದೆ ನೋಡಲಿ, ಊಟ ಮಾಡಲಿ. ಎರಡನೇ ದಿನ ಮಂಡ್ಯದವರು ತಂಜಾವೂರಿನ ಕಷ್ಟವನ್ನು ತಮ್ಮ ಬಾಯಲ್ಲಿ ಹೇಳಬೇಕು, ತಂಜಾವೂರಿನವರು ‘ಹೌದು, ಇದೇ’ ಅನ್ನುವ ತನಕ ತಿದ್ದಿ ತಿದ್ದಿ ಹೇಳಬೇಕು. ಆಮೇಲೆ ಅವರ ಸರದಿ. ಹೇಳಿದ ಮಾತ್ರಕ್ಕೆ ಒಪ್ಪಿದಂತಲ್ಲ ಎಂದು ಮೊದಲೇ ತಿಳಿಸದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಜತೆಗೆ ಅಳತೆ ಒಂದೇ ಇರಲಿ. ಒಬ್ಬರು ಅಡಿ, ಇನ್ನೊಬ್ಬರು ಕ್ಯೂಸೆಕ್, ಮತ್ತೊಬ್ಬರು ಟಿಎಂಸಿ ಅಂದರೆ ಜಗಳ ಖಚಿತ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಸುಮಾರು 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಅಣೆಕಟ್ಟೆಯಲ್ಲಿ ಬಿಟ್ಟದ್ದೋ, ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಅಳೆದದ್ದೋ ಎಂಬುದನ್ನೂ ಹೇಳಬೇಕು.

ಕೆಡುವುದು ಸಾಮಾನ್ಯವಾಗಿ ಮನೆಗೆ ಮರಳಿದ ಮೇಲೆ. ಊರಿನಲ್ಲಿ ‘ಮಾರಿಕೊಂಡು ಬಂದ’ ಅನ್ನುತ್ತಾರೆ. ಆದ್ದರಿಂದ ಕ್ಯಾಮೆರಾ ಒಳಗೆ ಬೇಡ, ಹೊರಗೆ ಹೇಳುವ ಮಾತನ್ನು ಇಬ್ಬರೂ ಸೇರಿ ಎರಡೂ ಭಾಷೆಯಲ್ಲಿ ಬರೆದುಕೊಂಡೇ ಏಳಬೇಕು.

ಎಲ್ಲಕ್ಕಿಂತ ದೊಡ್ಡದು ಕಾಲ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿಗೆ 177.25 ಟಿಎಂಸಿ ಹರಿಯಬೇಕು. ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕವೇ 123.14. ಒಳ್ಳೆಯ ಮಳೆಗೆ ಇದು ತಕರಾರಿಲ್ಲದೆ ಹರಿದುಹೋಗುತ್ತದೆ. ಬರ ಬಂದಾಗ ಅನುಪಾತದಲ್ಲಿ ಹಂಚಿ ಎನ್ನುತ್ತದೆ ಕಾನೂನು, ಆದರೆ ಯಾವ ಅನುಪಾತ ಎಂಬುದೇ ಕಗ್ಗಂಟು. ಆ ಚರ್ಚೆಯನ್ನು ನಾವು ಪ್ರತಿಸಲ ಬರದ ಸೆಪ್ಟೆಂಬರಿನಲ್ಲಿ, ಹೆದ್ದಾರಿ ಬಂದ್ ಆದ ಮೇಲೆ ಎತ್ತುತ್ತೇವೆ. ಆಗ ಒಂದು ಹನಿ ಬಿಡುತ್ತೇನೆ ಎಂದವನೂ ದ್ರೋಹಿ. ಅದೇ ಮಾತನ್ನು ಕಟ್ಟೆ ತುಂಬಿ ಬಾಗಿನ ಬಿಟ್ಟ ವಾರದಲ್ಲಿ ಎತ್ತಿದರೆ ಕೇಳುವ ಕಿವಿ ಇರುತ್ತದೆ. ಆ ವಾರದ ಮೊದಲ ಸಭೆಗೆ ಒಂದೇ ಒಂದು ಕಾಗದ ಸಾಕು: ಎಷ್ಟು ಅಡಿಗೆ ಎಷ್ಟು ಟಿಎಂಸಿ ಎಂಬ ಪಟ್ಟಿ, ಎರಡೂ ಕಡೆಯ ಜಲಾಶಯಗಳದ್ದು, ಒಂದೇ ಹಾಳೆಯಲ್ಲಿ, ಕನ್ನಡದಲ್ಲೂ ತಮಿಳಿನಲ್ಲೂ.